ಪತ್ರದ ತಪ್ಪಿಗೆ ಯಾವ ದಾರಿ: ಅಫಿಡವಿಟ್, ತಿದ್ದುಪಡಿ ಪತ್ರ, ತಹಶೀಲ್ದಾರ್ ಅರ್ಜಿ, ಕೋರ್ಟು

ಹೊಲದ ಕಾಗದದಲ್ಲಿ ತಪ್ಪು ಕಂಡ ಕೂಡಲೇ ರಾಯಚೂರು, ಕೊಪ್ಪಳ ಕಡೆ ಸಿಗುವ ಮೊದಲ ಸಲಹೆ 'ನೋಟರಿ ಹತ್ರ ಒಂದು ಅಫಿಡವಿಟ್ ಮಾಡಿಸ್ರಿ'. ಅಗ್ಗ, ಅವತ್ತೇ ಕೈಗೆ ಸಿಗುತ್ತದೆ. ಹನುಮಂತಪ್ಪ, ಹನಮಪ್ಪ ಅಂದರೆ ಒಬ್ಬನೇ ಎಂದು ಬ್ಯಾಂಕಿಗೆ ಒಪ್ಪಿಸುವಷ್ಟಕ್ಕೆ ಸಾಕು. ಸರ್ವೆ ನಂಬರು, ಕ್ಷೇತ್ರ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ತಪ್ಪಿದ್ದರೆ ಅದರಿಂದ ಒಂದಕ್ಷರವೂ ಬದಲಾಗದು.

ಯಾವ ದಾರಿ ಹಿಡಿಯಬೇಕೆಂದು ತಿಳಿಯಲು ಕ್ರಯಪತ್ರ, ಮ್ಯುಟೇಷನ್ (ಹಕ್ಕು ಬದಲಾವಣೆ) ನಕಲು, ಪಹಣಿ ಮೂರನ್ನೂ ಸಾಲಾಗಿ ಇಟ್ಟು ತಾಳೆ ನೋಡಿ. ತಪ್ಪು ಮೊದಲು ಕಾಣಿಸಿದ್ದು ಎಲ್ಲೋ ಅಲ್ಲೇ ತಿದ್ದಬೇಕು.

ಕ್ರಯಪತ್ರದಲ್ಲೇ ಇದ್ದರೆ ತಿದ್ದುಪಡಿ ಪತ್ರಕ್ಕಿಂತ ಒಳ್ಳೆಯ ದಾರಿಯಿಲ್ಲ. ಮೂಲ ಪತ್ರದ ನಂಬರು, ತಾರೀಖು ಹಾಕಿ, 'ಷೆಡ್ಯೂಲಿನಲ್ಲಿ ಸರ್ವೆ ನಂ. 47/2 ಎಂದಿರುವುದನ್ನು 42/2 ಎಂದು ಓದಿಕೊಳ್ಳತಕ್ಕದ್ದು, ಉಳಿದ ಷರತ್ತುಗಳು ಯಥಾಪ್ರಕಾರ' ಎಂದು ಬರೆಸಿದರೆ ಮುಗಿಯಿತು. ತೊಡಕಿರುವುದು ಸಹಿಯಲ್ಲಿ. ಮಾರಿದವರು, ಕೊಂಡವರು ಇಬ್ಬರೂ ಬರಬೇಕು. ಮಾರಿದವರು ತೀರಿಕೊಂಡಿದ್ದರೆ ವಂಶವೃಕ್ಷದಲ್ಲಿರುವ ವಾರಸುದಾರರೆಲ್ಲ ಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಟ್ಟು ಬರೆಸಿದ ಪತ್ರ ಮುಂದೆ ತಕರಾರಿಗೆ ದಾರಿ. ಇನ್ನೊಂದು: ತಿದ್ದುಪಡಿ ಹೆಸರಿನಲ್ಲಿ ಕ್ಷೇತ್ರ ಹೆಚ್ಚಿಸಲು ಹೊರಟರೆ ಅದನ್ನು ಹೊಸ ಮಾರಾಟವೆಂದೇ ಹಿಡಿದು ಪೂರ್ತಿ ಮುದ್ರಾಂಕ ಶುಲ್ಕ ಕೇಳುತ್ತಾರೆ.

ಪತ್ರ ಸರಿಯಿದ್ದು ಪಹಣಿಯಲ್ಲಿ ಮಾತ್ರ ತಪ್ಪಿದ್ದರೆ ನೋಂದಣಿ ಕಚೇರಿಗೆ ಹೋಗಿ ದುಡ್ಡು ಹಾಕಬೇಡಿ. ತಹಶೀಲ್ದಾರರಿಗೆ ಅರ್ಜಿ ಸಾಕು. 'ಭೂಮಿ' ಕಂಪ್ಯೂಟರಿಗೆ ಏರಿಸುವಾಗ ಆದ ತಪ್ಪಾದರೆ ಅದಕ್ಕೂ ಹಿಂದಿನ ಕೈಬರಹದ ಪಹಣಿ ನಕಲನ್ನು ರೆಕಾರ್ಡ್ ರೂಮಿನಿಂದ ತೆಗೆಸಿ ಲಗತ್ತಿಸಿ; ಅರ್ಜಿಗಿಂತ ಹೆಚ್ಚು ಕೆಲಸ ಮಾಡುವುದು ಅದೇ. ಮ್ಯುಟೇಷನ್ ಆದೇಶವೇ ತಪ್ಪಾಗಿದ್ದರೆ ಮಾತ್ರ 1964ರ ಭೂ ಕಂದಾಯ ಕಾಯ್ದೆಯ ಕಲಂ 136(2)ರ ಪ್ರಕಾರ ಎಸಿ (ಉಪವಿಭಾಗಾಧಿಕಾರಿ) ಕೋರ್ಟಿಗೆ ಅಪೀಲು. ಗಡುವು 60 ದಿನ. ಪಹಣಿಯ ಕಾಲಂ 3ರ ಕ್ಷೇತ್ರಕ್ಕೂ ಕಾಲಂ 9ರಲ್ಲಿ ಹೆಸರಿನ ಮುಂದಿರುವ ಕ್ಷೇತ್ರಕ್ಕೂ ಲೆಕ್ಕ ಕೂಡದಿದ್ದರೆ ಆಕಾರಬಂದ್ (ಕ್ಷೇತ್ರ, ಕಂದಾಯ ತೋರಿಸುವ ಸರ್ವೆ ಇಲಾಖೆಯ ದಾಖಲೆ) ನೋಡದೆ ಯಾರೂ ಕೈಹಾಕುವುದಿಲ್ಲ.

ಕ್ಷೇತ್ರದ ವಿಷಯದಲ್ಲಿ ಬಳ್ಳಾರಿಯ ಲೆಕ್ಕವೇ ಬೇರೆ. ಅದು ಮದ್ರಾಸ್ ಪ್ರಾಂತ್ಯದಲ್ಲಿದ್ದ ಜಿಲ್ಲೆ, ಎಕರೆಗೆ 100 ಸೆಂಟ್ಸ್. ನಿಜಾಮರ ಕಡೆಯಿದ್ದ ರಾಯಚೂರು, ಕೊಪ್ಪಳದಲ್ಲಿ 40 ಗುಂಟೆ. ಸಿಂಧನೂರಿನವರು ಸಿರುಗುಪ್ಪದ ಹೊಲ ಕೊಂಡು 2-20 ಎಂದಷ್ಟೇ ಬರೆಸಿದರೆ, ಗುಂಟೆ ಎಂದುಕೊಂಡವರಿಗೆ ಎರಡೂವರೆ ಎಕರೆ, ಸೆಂಟ್ಸ್ ಎಂದುಕೊಂಡವರಿಗೆ 2 ಎಕರೆ 8 ಗುಂಟೆ. ತಿದ್ದುಪಡಿಯಲ್ಲಿ ಅಂಕಿಯ ಜೊತೆ ಅಕ್ಷರದಲ್ಲೂ ಬರೆಸಿ, ಅಳತೆಯ ಹೆಸರು ಹಾಕಿಸಿ.

ಮಾರಿದವರು ಸಹಿಗೆ ಒಪ್ಪದಿದ್ದರೆ ಉಳಿಯುವುದು ಸಿವಿಲ್ ದಾವೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 26. ಇಬ್ಬರದೂ ತಪ್ಪು ತಿಳಿವಳಿಕೆ ಅಥವಾ ಮೋಸ ಎಂದು ಸಾಬೀತು ಮಾಡಬೇಕು. ನಿಧಾನ, ಖರ್ಚು, ಬೇರೆ ದಾರಿ ಮುಚ್ಚಿದಾಗ ಮಾತ್ರ.

ತಿದ್ದುಪಡಿ ಪತ್ರ ನೋಂದಣಿಯಾಯಿತೆಂದು ಪಹಣಿ ತಾನಾಗಿ ಸರಿಹೋಗುತ್ತದೆಂದು ಕೂರಬೇಡಿ, ಮ್ಯುಟೇಷನ್ನಿಗೆ ಬೆನ್ನು ಹತ್ತಬೇಕು. ಇಸಿ (ಋಣಭಾರ ಪ್ರಮಾಣಪತ್ರ) ಹುಡುಕುವುದು ಸರ್ವೆ ನಂಬರಿನ ಮೇಲೆ. ಮೂಲ ಪತ್ರ 47ರ ಕೆಳಗೇ ಉಳಿದಿರುತ್ತದೆ. ಮಾರುವಾಗಲೋ ಸಾಲಕ್ಕೋ ಎರಡೂ ನಂಬರಿನ ಇಸಿ ತೆಗೆಸಿ, ಎರಡೂ ಪತ್ರ ಜೊತೆಗಿಟ್ಟು ಕೊಡಿ.