ಎಂಟು ಗಾಲಿಯ ಕೆರೆಗಾಡಿಗೆ ಗೇರು ರಿಪೇರಿ: ಅಂತರಸನಹಳ್ಳಿಯ ಒಂದು ವರ್ಕ್‌ಶಾಪು

ನೆಲದ ಮೇಲೂ ನೀರಿನಲ್ಲೂ ಓಡುವ ಎಂಟು ಗಾಲಿಯ ಗಾಡಿಗೆ ಗೇರಿನ ತೊಂದರೆ ಬಂದರೆ ತುಮಕೂರು ಜಿಲ್ಲೆಯಲ್ಲಿ ಅದನ್ನು ಯಾರ ಬಳಿಗೆ ಒಯ್ಯಬೇಕೆಂಬ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಗುವುದಿಲ್ಲ. 1960ರ ದಶಕದಲ್ಲಿ ಕೆನಡಾದಲ್ಲಿ ರೂಪುಗೊಂಡ ಈ ಜಾತಿಯ ವಾಹನಗಳು ನಮ್ಮ ಕಡೆ ಕಾಣಸಿಗುವುದೇ ಅಪರೂಪ. ಗುಬ್ಬಿ ತಾಲ್ಲೂಕಿನಲ್ಲಿ ಹೇಮಾವತಿ ನಾಲೆಯಿಂದ ತುಂಬುವ ಕೆರೆಯೊಂದರ ಮೀನುಗಾರಿಕೆ ಗುತ್ತಿಗೆ ಹಿಡಿದಿರುವ ನಾವು, ಜೊಂಡು ಎಳೆಯುವುದಕ್ಕೂ ಮೀನಿನ ಮೇವು ಸಾಗಿಸುವುದಕ್ಕೂ ರೆಸಾರ್ಟೊಂದರಲ್ಲಿ ಬಳಸಿದ್ದ ಹಳೆಯ ಗಾಡಿಯನ್ನು ಕೊಂಡಿದ್ದೇವೆ. ಅದರ ಗೇರು ರಿಪೇರಿಗೆ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ವರ್ಕ್‌ಶಾಪೊಂದಕ್ಕೆ ಹೋದ ಅನುಭವವನ್ನು, ಇಂಥದೇ ಗಾಡಿ ಇಟ್ಟುಕೊಂಡವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ತೊಂದರೆ ಎರಡು ಬಗೆಯದಾಗಿತ್ತು. ಇಂಜಿನ್ ಓಡುತ್ತಿರುವಾಗ ನ್ಯೂಟ್ರಲ್‌ನಿಂದ ಲೋ ಗೇರಿಗೆ ಹಾಕಲು ಹೋದರೆ ಕರಕರ ಸದ್ದಾಗಿ ಲಿವರು ಹಿಂದಕ್ಕೆ ತಳ್ಳುತ್ತಿತ್ತು. ಕೆಸರಿನಿಂದ ಹಿಂದಕ್ಕೆ ತೆಗೆಯುವಾಗ ರಿವರ್ಸ್ ಗೇರು ತಾನಾಗಿಯೇ ಕಳಚಿಕೊಳ್ಳುತ್ತಿತ್ತು. ಬೆಂಗಳೂರಿನ ಒಂದು ಗ್ಯಾರೇಜಿನವರು ವೀಡಿಯೊ ನೋಡಿದವರೇ, ಗೇರ್ ಬಾಕ್ಸ್ ಪೂರ್ತಿ ಬದಲಿಸಬೇಕು, ವಿದೇಶದಿಂದ ತರಿಸಬೇಕು ಎಂದು ತೀರ್ಪು ಕೊಟ್ಟಿದ್ದರು. ಆ ವೆಚ್ಚದಲ್ಲಿ ಇನ್ನೊಂದು ಹಳೆಯ ಗಾಡಿಯೇ ಸಿಗಬಹುದಿತ್ತು.

ಅಂತರಸನಹಳ್ಳಿಯ ವರ್ಕ್‌ಶಾಪಿನ ಯಜಮಾನರು ಮೂಲತಃ ಪವರ್ ಟಿಲ್ಲರ್ ಮತ್ತು ಟ್ರ್ಯಾಕ್ಟರ್ ಮೆಕ್ಯಾನಿಕ್. ಇಂಥ ಗಾಡಿಯ ಕೆಲಸ ತಮಗೆ ಹೊಸದೆಂಬುದನ್ನು ಅವರು ಮುಚ್ಚಿಡಲಿಲ್ಲ. ಆದರೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಅವರು ಹೇಳಿದ ಮಾತು ಇಷ್ಟು: “ಸರ್, ಇಂಜಿನ್ ಆಫ್ ಮಾಡಿ, ಒಂದೊಂದೇ ಗೇರ್ ಹಾಕಿ ನೋಡಿ. ನಮ್ಮ ಹುಡುಗ ಗಾಡಿ ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸ್ತಾನೆ.” ಇಂಜಿನ್ ನಿಂತಾಗ ಹೈ, ಲೋ, ನ್ಯೂಟ್ರಲ್ ಎಲ್ಲವೂ ಸಲೀಸಾಗಿ ಬಿದ್ದವು, ರಿವರ್ಸ್ ಮಾತ್ರ ಪೂರ್ತಿ ಕೂರಲಿಲ್ಲ. ಎರಡು ತೊಂದರೆಗಳಿಗೂ ಕಾರಣ ಒಂದೇ ಅಲ್ಲ ಎಂಬುದು ಅಲ್ಲಿಗೇ ಗೊತ್ತಾಯಿತು.

ಈ ಪರೀಕ್ಷೆಗೆ ಅಷ್ಟೊಂದು ಬೆಲೆ ಏಕೆಂದರೆ, ಇಂಥ ಬಹುತೇಕ ಗಾಡಿಗಳಲ್ಲಿ ಕಾಲಿನಿಂದ ಒತ್ತುವ ಕ್ಲಚ್ ಇರುವುದಿಲ್ಲ. ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಎರಡು ಪುಲ್ಲಿಗಳು ಮತ್ತು ಒಂದು ಅಗಲವಾದ ರಬ್ಬರ್ ಬೆಲ್ಟು ಇರುತ್ತವೆ. ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಇಂಜಿನ್ ಕಡೆಗಿರುವ ಮುಂದಿನ ಪುಲ್ಲಿಯ ಎರಡು ತಟ್ಟೆಗಳು ದೂರ ಸರಿದು ಬೆಲ್ಟನ್ನು ಸಡಿಲ ಬಿಡಬೇಕು. ರೇಸ್ ಕೊಟ್ಟಾಗ ಒಳಗಿನ ತೂಕಗಳು ಹೊರಕ್ಕೆ ಚಿಮ್ಮಿ, ತಟ್ಟೆಗಳು ಹತ್ತಿರ ಬಂದು ಬೆಲ್ಟನ್ನು ಹಿಡಿಯಬೇಕು. ಐಡ್ಲಿಂಗ್ ವೇಗ, ಅಂದರೆ ರೇಸ್ ಕೊಡದಿದ್ದಾಗ ಇಂಜಿನ್ ಓಡುವ ವೇಗ, ಹೆಚ್ಚಿದ್ದರೆ, ಪುಲ್ಲಿಯೊಳಗೆ ಕೆಸರು ಒಣಗಿ ತಟ್ಟೆ ಪೂರ್ತಿ ಹಿಂದೆ ಸರಿಯದಿದ್ದರೆ, ಅಥವಾ ಅಳತೆ ತಪ್ಪಿದ ಬೆಲ್ಟು ಹಾಕಿದ್ದರೆ, ಗಾಡಿ ನಿಂತಿದ್ದರೂ ಬೆಲ್ಟು ಗೇರ್ ಬಾಕ್ಸಿನ ಶಾಫ್ಟನ್ನು ತಿರುಗಿಸುತ್ತಲೇ ಇರುತ್ತದೆ. ತಿರುಗುತ್ತಿರುವ ಶಾಫ್ಟಿಗೆ ನಿಂತ ಗೇರನ್ನು ಬೆಸೆಯಲು ಹೋದರೆ ಹಲ್ಲುಗಳು ಒಂದಕ್ಕೊಂದು ಉಜ್ಜಿ ಕರಕರ ಎನ್ನುವುದಲ್ಲದೆ ಬೇರೆ ದಾರಿಯಿಲ್ಲ. ಕಿವಿಗೆ ಗೇರ್ ಬಾಕ್ಸ್ ಮುರಿದಂತೆ ಕೇಳಿಸುತ್ತದೆ, ಆದರೆ ದೋಷ ಅದರ ಹೊರಗಿರುತ್ತದೆ. ವೀಡಿಯೊದಲ್ಲಿ ಬರೀ ಸದ್ದು ಕೇಳಿ ತೀರ್ಪು ಕೊಟ್ಟವರ ಬಗ್ಗೆ ನನಗಿರುವ ಅಸಮಾಧಾನ ಇದೇ.

ನಮ್ಮ ಗಾಡಿಯಲ್ಲಿ ಮೊದಲ ಎರಡು ಕಾರಣಗಳೂ ಸೇರಿಕೊಂಡಿದ್ದವು. ಇಂಥ ಚಿಕ್ಕ ಪೆಟ್ರೋಲ್ ಇಂಜಿನ್ನುಗಳ ಐಡ್ಲಿಂಗ್ ಸಾಮಾನ್ಯವಾಗಿ ನಿಮಿಷಕ್ಕೆ 1200 ಸುತ್ತಿನ ಆಸುಪಾಸಿನಲ್ಲಿರುತ್ತದೆ. ಏರ್ ಫಿಲ್ಟರ್ ಕಟ್ಟಿಕೊಂಡು ಇಂಜಿನ್ ಪದೇ ಪದೇ ನಿಲ್ಲುತ್ತಿದ್ದಾಗ, ಹಿಂದಿನ ಮಾಲೀಕರ ಕಡೆಯ ಯಾರೋ ಫಿಲ್ಟರ್ ತೊಳೆಯುವ ಬದಲು ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸಿದ್ದರು. ಮುಂದಿನ ಪುಲ್ಲಿಯನ್ನು ಬಿಚ್ಚಿದಾಗ ಕೆರೆಯ ಗೋಡು ಮಣ್ಣು ಬೆಲ್ಟಿನ ರಬ್ಬರ್ ಪುಡಿಯೊಂದಿಗೆ ಬೆರೆತು ಬುಶ್ಶಿನ ಸುತ್ತ ಗಟ್ಟಿಯಾಗಿತ್ತು. ಅದನ್ನು ಕೆರೆದು, ಒಣ ಬಟ್ಟೆಯಿಂದ ಒರೆಸಿ, ಗ್ರೀಸ್ ಹಚ್ಚದೆ ಜೋಡಿಸಿದರು. ಬೆಲ್ಟು ಓಡುವ ತಟ್ಟೆಗಳಿಗೆ ಗ್ರೀಸ್ ತಗುಲಿದರೆ ಗೇರು ಬಿದ್ದರೂ ಗಾಡಿ ಮುಂದೆ ಹೋಗುವುದಿಲ್ಲ. ಪುಲ್ಲಿಗೆ ನೀರು ಹೊಕ್ಕಾಗಲೂ ಹೀಗೇ ಆಗುತ್ತದೆ. ಆಗ ಗೇರನ್ನು ಬೈಯದೆ, ನ್ಯೂಟ್ರಲ್‌ನಲ್ಲಿಟ್ಟು ಸ್ವಲ್ಪ ಹೊತ್ತು ರೇಸ್ ಕೊಟ್ಟು ಬೆಲ್ಟನ್ನು ಒಣಗಿಸಿದರೆ ಸಾಕು.

ರಿವರ್ಸಿನ ವಿಷಯದಲ್ಲೂ ಅವರು ನೇರವಾಗಿ ಗೇರ್ ಬಾಕ್ಸಿಗೆ ಕೈ ಹಾಕಲಿಲ್ಲ. ಲಿವರಿನಿಂದ ಬರುವ ರಾಡನ್ನು ಗೇರ್ ಬಾಕ್ಸಿನ ತುದಿಯಲ್ಲಿ ಕಳಚಿ, ಅಲ್ಲಿನ ತೋಳನ್ನು ಕೈಯಿಂದಲೇ ತಿರುಗಿಸಿದರು. ಕೈಯಲ್ಲಿ ರಿವರ್ಸ್ ಟಕ್ ಎಂದು ಕೂತಿತು, ಎಳೆದರೂ ಬಿಡಲಿಲ್ಲ. ಅಂದರೆ ಒಳಗೆ ಗೇರನ್ನು ಸರಿಸುವ ಫೋರ್ಕೂ ಹಲ್ಲುಗಳೂ ಸರಿಯಾಗಿವೆ, ರಾಡು ತೋಳನ್ನು ಕೊನೆಯವರೆಗೆ ತಳ್ಳುತ್ತಿಲ್ಲ ಎಂದಾಯಿತು. ಗಾಡಿಯ ದೋಣಿಯಂಥ ಒಡಲಿನ, ಅಂದರೆ ತೊಟ್ಟಿಯ, ತಳದಲ್ಲಿ ಹಾದುಹೋಗುವ ಆ ರಾಡಿನ ಕೀಲು ಮರಳು ತಿಂದು ಸವೆದು ತೂತು ಅಂಡಾಕಾರವಾಗಿತ್ತು. ಪಕ್ಕದ ಲೇತಿನಲ್ಲಿ ಹೊಸ ಪಿನ್ನು ಮತ್ತು ಬುಶ್ ಮಾಡಿಸಿ, ರಾಡಿನ ಉದ್ದವನ್ನು ಹೊಂದಿಸಿ, ನ್ಯೂಟ್ರಲ್‌ನಲ್ಲಿ ಲಿವರು ತನ್ನ ಗುರುತಿಗೆ ಸರಿಯಾಗಿ ನಿಲ್ಲುವಂತೆ ಮಾಡಿದರು. ಅರ್ಧಂಬರ್ಧ ಕೂತ ಗೇರಿನ ಮೇಲೆ ಕೆಸರಿನ ಭಾರ ಬಿದ್ದಾಗಲೆಲ್ಲ ಹಲ್ಲಿನ ಅಂಚು ಸವೆಯುತ್ತದೆ. ಇನ್ನೂ ಕೆಲವು ತಿಂಗಳು ಹೀಗೇ ಓಡಿಸಿದ್ದರೆ ಬೆಂಗಳೂರಿನವರ ಮಾತೇ ನಿಜವಾಗುತ್ತಿತ್ತೇನೋ.

ಗೇರ್ ಆಯಿಲನ್ನು ಇಳಿಸಿದಾಗ ಅದು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಅದು ನೀರು ಸೇರಿದ್ದರ ಗುರುತು. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಪುಡಿ ಮಾತ್ರ ಹತ್ತಿತ್ತು, ಚಕ್ಕೆಗಳಿರಲಿಲ್ಲ. ಹೀಗಾಗಿ ಬಾಕ್ಸ್ ಬಿಚ್ಚುವ ಅಗತ್ಯ ಬೀಳಲಿಲ್ಲ. ಗೇರ್ ಬಾಕ್ಸಿನೊಳಗೆ ಗಾಳಿಯಾಡಲು ಇರುವ ಉಸಿರು ಕೊಳವೆ ಕಳಚಿ ತೊಟ್ಟಿಯ ತಳಕ್ಕೆ ಬಿದ್ದಿತ್ತು. ಅದನ್ನು ಎತ್ತರದಲ್ಲಿ ಕಟ್ಟಿ, ಹೊಸ ಆಯಿಲ್ ತುಂಬಿ, ಸ್ವಲ್ಪ ಓಡಿಸಿ ಮತ್ತೊಮ್ಮೆ ಬದಲಿಸಿದರು. ಗಾಲಿಗಳಿಗೆ ಬಲ ಒಯ್ಯುವ ಚೈನುಗಳನ್ನೂ ಪರೀಕ್ಷಿಸಿದ್ದನ್ನು ಮೆಚ್ಚಿದೆ. ಸಡಿಲವಾದ ಚೈನು ಹಲ್ಲು ಹಾರಿದಾಗ ಆಗುವ ದಡಕ್ಕೆಂಬ ಹೊಡೆತವನ್ನು ಗೇರು ಜಾರಿತೆಂದೇ ಅನೇಕರು ತಿಳಿಯುತ್ತಾರೆ.

ಮಜೂರಿ, ಲೇತಿನ ಕೆಲಸ, ಆಯಿಲ್ ಎಲ್ಲ ಸೇರಿ 8,500 ರೂಪಾಯಿ ತೆಗೆದುಕೊಂಡರು. ಮಾಡಿದ ಕೆಲಸಕ್ಕೆ ಹೆಚ್ಚೇನೂ ಅಲ್ಲ.

ಕೊರತೆಗಳೂ ಇವೆ. ಜಾಬ್ ಕಾರ್ಡ್ ಬರೆಯುವ ಪದ್ಧತಿ ಅಲ್ಲಿಲ್ಲ. ಏನೇನು ಬದಲಿಸಿದರೆಂಬುದನ್ನು ನಾನೇ ಕೇಳಿ ಬರೆದುಕೊಳ್ಳಬೇಕಾಯಿತು. ಕೊಟ್ಟ ಮಾತಿನ ದಿನಕ್ಕೆ ಗಾಡಿ ಸಿಗಲಿಲ್ಲ, ಫೋನ್ ಮಾಡಿದರೆ “ನಾಳೆ ಬನ್ನಿ ಸರ್” ಎಂಬ ಉತ್ತರ ಮಾತ್ರ ತಪ್ಪದೆ ಬರುತ್ತಿತ್ತು. ಎಲ್ಲಕ್ಕಿಂತ ಬೇಸರದ ಸಂಗತಿಯೆಂದರೆ ಹುಡುಗರು ವಾಟರ್ ಸರ್ವಿಸ್ ಮಾಡುವಾಗ ಜೋರಾದ ನೀರನ್ನು ನೇರವಾಗಿ ಆಕ್ಸಲಿನ ಸೀಲುಗಳಿಗೇ ಹಿಡಿಯುತ್ತಿದ್ದುದು. ತೇಲುವ ಗಾಡಿಯಲ್ಲಿ ಸೀಲು ಹಾಳಾದರೆ ತೊಟ್ಟಿಯೊಳಗೇ ನೀರು ಬರುತ್ತದೆ. ಹೇಳಿದ ಮೇಲೆ ನಿಲ್ಲಿಸಿದರು. ನೀರಿನಲ್ಲಿ ಇಳಿಸಿ ಪರೀಕ್ಷಿಸುವ ಅನುಕೂಲವೂ ಅಲ್ಲಿಲ್ಲದ ಕಾರಣ ಆ ಕೆಲಸವನ್ನು ನಮ್ಮ ಕೆರೆಯಲ್ಲೇ ಮಾಡಿಕೊಂಡೆವು. ಕೆಸರಿನಿಂದ ಹಿಂದಕ್ಕೆ ತೆಗೆಯುವಾಗ ಈಗ ರಿವರ್ಸ್ ಬಿಡುತ್ತಿಲ್ಲ, ಲೋ ಗೇರು ಸದ್ದಿಲ್ಲದೆ ಬೀಳುತ್ತಿದೆ. ಏರಿಯ ಇಳಿಜಾರಿನಲ್ಲಿ ನಿಲ್ಲಿಸಿದಾಗ ನ್ಯೂಟ್ರಲ್‌ಗೆ ಬರಲು ಒಮ್ಮೊಮ್ಮೆ ಹಟ ಮಾಡುವುದುಂಟು. ಗಾಡಿಯ ಭಾರ ಹಲ್ಲುಗಳ ಮೇಲೆ ಕೂತಿರುವುದರಿಂದ ಅದು ಸಹಜ, ತುಸು ಅಲ್ಲಾಡಿಸಿದರೆ ಬಿಟ್ಟುಕೊಡುತ್ತದೆ.

ಹೊಸ ಬೆಲ್ಟು, ಪುಲ್ಲಿಯ ತೂಕ, ಸ್ಪ್ರಿಂಗ್ ಮುಂತಾದ ಬಿಡಿಭಾಗಗಳು ಬೇಕೆಂದು ಹೋಗುವವರಿಗೆ ಈ ಜಾಗ ಪ್ರಯೋಜನವಿಲ್ಲ, ಅವನ್ನು ನೀವೇ ತರಿಸಿಕೊಡಬೇಕು. ಕಣ್ಣಳತೆಯಲ್ಲಿ ಹೊಂದುವ ಟ್ರ್ಯಾಕ್ಟರ್ ಫ್ಯಾನ್ ಬೆಲ್ಟಿನಂಥ ಬದಲಿಗೆ ಒಪ್ಪಬೇಡಿ. ಅಳತೆ ತಪ್ಪಿದರೆ ಮತ್ತೆ ಗೇರು ಕರಕರ ಎನ್ನಬಹುದು. ಈ ಗಾಡಿಯನ್ನು ರಸ್ತೆಯಲ್ಲಿ ಓಡಿಸಿಕೊಂಡು ಬರುವಂತಿಲ್ಲವಾದ್ದರಿಂದ ಪಿಕಪ್ ಬೇಕಾಗುತ್ತದೆ. ಹೊರಡುವ ಮೊದಲು ಫೋನ್ ಮಾಡಿ, ಯಜಮಾನರು ಸ್ವತಃ ಇರುವರೇ ಎಂದು ಕೇಳಿಕೊಳ್ಳಿ, ಮ್ಯಾನುಯಲ್ ಇದ್ದರೆ ಜೊತೆಯಲ್ಲೇ ತನ್ನಿ.