ಪುಟ್ಟ ಕ್ಯಾಕ್ಟಸ್‌ಗೆ ಯಾವ ಮಿಶ್ರಣ? ಕೊಕೊಪೀಟ್, ಕೆಮ್ಮಣ್ಣು ಮತ್ತು ಸಿಂಡರ್‌ಗಳ ಹೋಲಿಕೆ

ಸಣ್ಣ ಕ್ಯಾಕ್ಟಸ್ ಕೊಂಡು ತಂದವರು ಮೊದಲು ಕೇಳುವುದು ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು ಎಂದು. ಗಿಡವು ಯಾವ ಮಿಶ್ರಣದಲ್ಲಿ, ಯಾವ ಕುಂಡದಲ್ಲಿ ನಿಂತಿದೆ ಎಂಬುದು ಗೊತ್ತಾಗದ ಹೊರತು ಆ ಪ್ರಶ್ನೆಗೆ ಯಾರೂ ಸರಿಯಾದ ಉತ್ತರ ಹೇಳಲಾರರು. ಕುಂಡದಲ್ಲಿರುವ ದಾಸವಾಳ ಅಥವಾ ತುಳಸಿ ಹಗಲೆಲ್ಲ ಎಲೆಗಳ ಮೂಲಕ ನೀರನ್ನು ಆವಿಯಾಗಿ ಬಿಡುವುದರಿಂದ ಆ ಗಿಡಗಳೇ ತಮ್ಮ ಕುಂಡದ ಮಣ್ಣನ್ನು ಒಣಗಿಸಿಕೊಳ್ಳುತ್ತವೆ. ಕ್ಯಾಕ್ಟಸ್‌ಗೆ ಎಲೆಗಳಿಲ್ಲ, ಕಾಂಡದ ಮೇಲಿರುವ ಪತ್ರರಂಧ್ರಗಳನ್ನು, ಅಂದರೆ ಗಾಳಿಯಾಡುವ ಸೂಕ್ಷ್ಮ ರಂಧ್ರಗಳನ್ನು, ಅದು ಹಗಲು ಮುಚ್ಚಿಟ್ಟು ರಾತ್ರಿ ತೆರೆಯುತ್ತದೆ, ಹೀಗಾಗಿ ಅದು ಬೇರಿನಿಂದ ಎಳೆದುಕೊಳ್ಳುವ ನೀರು ಬಹಳ ಕಡಿಮೆ. ಕುಂಡವನ್ನು ಒಣಗಿಸುವ ಕೆಲಸ ಇಲ್ಲಿ ಗಿಡದ್ದಲ್ಲ, ಮಿಶ್ರಣದ್ದು ಮತ್ತು ಕುಂಡದ್ದು. ಮಿಶ್ರಣಗಳನ್ನು ಅಕ್ಕಪಕ್ಕ ಇಟ್ಟು ಬೆಳೆಸಿ ನೋಡಬೇಕೆಂದು ನನಗನ್ನಿಸಿದ್ದು ಈ ಕಾರಣಕ್ಕೆ.

ಇದಕ್ಕೆ ನಾನು ಆರಿಸಿಕೊಂಡ ಗಿಡ ಮ್ಯಾಮಿಲೇರಿಯಾ ಎಲಾಂಗಾಟ. ಮಧ್ಯ ಮೆಕ್ಸಿಕೋದ ಒಣ ಪ್ರದೇಶಗಳಲ್ಲಿ ಹುಟ್ಟಿ ಬೆಳೆಯುವ ಈ ಕ್ಯಾಕ್ಟಸ್ ಬೆರಳು ಗಾತ್ರದ ಕಾಂಡಗಳ ಗುಂಪಾಗಿ ಹರಡುತ್ತದೆ. ಇದರ ಹಳದಿ ಮುಳ್ಳುಗಳು ಹಿಂದಕ್ಕೆ ಬಾಗಿರುವುದರಿಂದ ಕೈಗೆ ಅಷ್ಟಾಗಿ ಚುಚ್ಚುವುದಿಲ್ಲ, ಬುಡದಲ್ಲಿ ಹುಟ್ಟುವ ಮರಿಗಳನ್ನು ಸುಲಭವಾಗಿ ಬಿಡಿಸಿಕೊಳ್ಳಲೂಬಹುದು. ಒಂದೇ ತಾಯಿಗಿಡದ ಮರಿಗಳನ್ನು ಬಿಡಿಸಿ, ಗಾಯ ಒಣಗಲು ನೆರಳಿನಲ್ಲಿ ಒಂದು ವಾರ ಇಟ್ಟು, ಆಮೇಲೆ 4 ಇಂಚಿನ ಕುಂಡಗಳಲ್ಲಿ ನೆಟ್ಟೆ. ಕುಂಡಗಳೆಲ್ಲ ಬೆಂಗಳೂರಿನ ನನ್ನ ಪೂರ್ವದಿಕ್ಕಿನ ಬಾಲ್ಕನಿಯಲ್ಲಿ, ಬೆಳಗಿನ ಬಿಸಿಲು ನಾಲ್ಕೈದು ಗಂಟೆಗಳ ಕಾಲ ಸಮನಾಗಿ ಬೀಳುವ ಒಂದೇ ಕಟ್ಟೆಯ ಮೇಲೆ ಇದ್ದವು. ಗಾಳಿ ಬೀಸಿದಾಗ ಮಳೆಯ ಎರಚಲು ಅಲ್ಲಿಗೆ ಬರುತ್ತದೆ. ಅದನ್ನು ನಾನು ಬೇಕೆಂದೇ ತಡೆಯಲಿಲ್ಲ, ಏಕೆಂದರೆ ನಮ್ಮಲ್ಲಿ ಬಹುಪಾಲು ಬಾಲ್ಕನಿಗಳ ಸ್ಥಿತಿ ಅದೇ.

ಮೊದಲನೆಯದು ನರ್ಸರಿಯಿಂದ ಬರುವ ಕೊಕೊಪೀಟ್. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಾಗಲಿ ರಸ್ತೆ ಬದಿಯ ನರ್ಸರಿಯಲ್ಲಾಗಲಿ ಕೊಳ್ಳುವ ಪುಟ್ಟ ಕ್ಯಾಕ್ಟಸ್‌ಗಳು ಹೆಚ್ಚಾಗಿ ಇದರಲ್ಲೇ ಇರುತ್ತವೆ. ತೆಂಗಿನ ನಾರಿನ ಈ ಪುಡಿ ಹಗುರ, ಅಗ್ಗ, ಸಾಗಿಸಲು ಅನುಕೂಲ. ಮಳೆ ಬೀಳದ ಪಾಲಿಹೌಸ್‌ನ ಬಿಸಿಯಲ್ಲಿ, ನೀರನ್ನು ಅಳೆದು ಕೊಡುವ ಅನುಭವಿಗಳ ಕೈಯಲ್ಲಿ ಗಿಡ ಇದರಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ. ನನ್ನ ಬಾಲ್ಕನಿಯಲ್ಲೂ ಮೊದಲ ಬೇಸಿಗೆಯಲ್ಲಿ ಎಲ್ಲಕ್ಕಿಂತ ಬೇಗ ಬೆಳೆದದ್ದು ಕೊಕೊಪೀಟ್‌ನ ಮರಿಗಳೇ. ಕಾಂಡ ಹಸಿರಾಗಿ ಉಬ್ಬಿತು, ಹೊಸ ಮರಿಗಳು ಹುಟ್ಟಿದವು. ಆದರೆ ಸ್ವಲ್ಪ ಹತ್ತಿರದಿಂದ ನೋಡಿದರೆ ಮುಳ್ಳಿನ ಗೊಂಚಲುಗಳ ನಡುವೆ ಹಸಿರು ಚರ್ಮ ಎದ್ದು ಕಾಣುತ್ತಿತ್ತು, ಕಾಂಡವನ್ನು ಮೆಲ್ಲಗೆ ಒತ್ತಿದರೆ ಮೆತ್ತಗಿತ್ತು.

ಬೆಂಗಳೂರಿನಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ಮೋಡ ಮುಸುಕಿ, ಗಾಳಿಯಲ್ಲೂ ತೇವವಿರುವ ಆ ದಿನಗಳಲ್ಲಿ ಕೊಕೊಪೀಟ್‌ನ ಮೇಲ್ಮೈ ಒಣಗಿದಂತೆ ಕಂಡರೂ ಹಲ್ಲುಕಡ್ಡಿಯನ್ನು ಬುಡದವರೆಗೆ ಚುಚ್ಚಿ ತೆಗೆದಾಗ ಅದು ಪ್ರತಿ ಸಲವೂ ಒದ್ದೆಯಾಗಿ, ಕಂದು ಪುಡಿ ಮೆತ್ತಿಕೊಂಡು ಬರುತ್ತಿತ್ತು. ಕುಂಡಗಳ ಸುತ್ತ ಸಣ್ಣ ಕಪ್ಪು ನೊಣಗಳು ಹಾರಾಡತೊಡಗಿದವು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಪ್ಲಾಸ್ಟಿಕ್ ಕುಂಡದ ಕೊಕೊಪೀಟ್‌ನಲ್ಲಿದ್ದ ಗಿಡದ ಬುಡ ಕಂದಾಗಿತ್ತು. ಬೇರನ್ನು ಹಿಡಿದು ಎಳೆದಾಗ ಅದರ ಸಿಪ್ಪೆ ಕಳಚಿ ಬೆರಳಿಗೆ ಅಂಟಿಕೊಂಡಿತು, ಒಳಗಿನ ತೆಳು ನಾರು ಮಾತ್ರ ಉಳಿಯಿತು. ಕೊಳೆತ ಬೇರಿನ ಗುರುತು ಅದು. ಕಾಂಡವನ್ನು ಶುದ್ಧವಾದ ಬ್ಲೇಡಿನಿಂದ ಬುಡದಿಂದ ಮೇಲಕ್ಕೆ ಕತ್ತರಿಸುತ್ತ ಹೋಗಿ, ಕತ್ತರಿಸಿದ ಜಾಗದ ನಡುವಿನ ಉಂಗುರದಲ್ಲಿ ಕಂದು ಚುಕ್ಕೆ ಒಂದೂ ಕಾಣದಂತಾದ ಮೇಲೆ ಒಣಗಿಸಿ ಮತ್ತೆ ಬೇರು ಬಿಡಿಸಿಕೊಳ್ಳಬಹುದು. ಹಾಗೆ ಉಳಿದ ತುದಿಗಳು ನನ್ನಲ್ಲಿ ಈಗಲೂ ಇವೆ.

ಕೊಕೊಪೀಟ್‌ನ ಇನ್ನೊಂದು ತೊಂದರೆ ಚಳಿಗಾಲದ ನಂತರ ಗೊತ್ತಾಗುತ್ತದೆ. ನವೆಂಬರ್ ಕೊನೆಯಿಂದ ಜನವರಿವರೆಗೆ ಕ್ಯಾಕ್ಟಸ್‌ಗೆ ನೀರು ಬಹುತೇಕ ನಿಲ್ಲಿಸುವುದು ಒಳ್ಳೆಯ ಕ್ರಮ. ಆ ವಿಶ್ರಾಂತಿ ಸಿಕ್ಕ ಗಿಡ ಬೇಸಿಗೆಯ ಆರಂಭದಲ್ಲಿ ಹೂ ಬಿಡುತ್ತದೆ. ಆದರೆ ಅಷ್ಟು ದಿನ ಒಣಗಿದ ಕೊಕೊಪೀಟ್ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಹಾಕಿದ ನೀರು ಆ ಸಂದಿಯಿಂದ ಇಳಿದು ಹೊರಗೆ ಹರಿದುಹೋಗುತ್ತದೆ, ನಡುವಿನ ಬೇರಿನ ಉಂಡೆ ಒಣಗಿಯೇ ಇರುತ್ತದೆ. ಮಳೆಯಲ್ಲಿ ನೀರನ್ನು ಬಿಡುವುದಿಲ್ಲ, ಬೇಸಿಗೆಯಲ್ಲಿ ನೀರನ್ನು ಹಿಡಿಯುವುದಿಲ್ಲ ಎಂಬ ಈ ಗುಣದಿಂದಾಗಿ ಬಾಲ್ಕನಿಯ ಮರುಭೂಮಿ ಕ್ಯಾಕ್ಟಸ್‌ಗೆ ನಾನು ಇದನ್ನು ಒಪ್ಪುವುದಿಲ್ಲ. ಹೊಸ ಗಿಡ ತಂದವರು ಬೇರಿನ ನಡುವೆ ಗಟ್ಟಿಯಾಗಿ ಕೂತಿರುವ ಹಳೆಯ ಪೀಟನ್ನು ಕಡ್ಡಿಯಿಂದ ಬಿಡಿಸಿ ತೆಗೆದ ಮೇಲೆಯೇ ಬೇರೆ ಮಿಶ್ರಣಕ್ಕೆ ನೆಡಬೇಕು. ಸುತ್ತ ಒಳ್ಳೆಯ ಮಿಶ್ರಣ ತುಂಬಿ ನಡುವೆ ಆ ಉಂಡೆಯನ್ನು ಹಾಗೇ ಬಿಟ್ಟರೆ ಕೊಳೆತ ಅಲ್ಲಿಂದಲೇ ಶುರುವಾಗುತ್ತದೆ. ಮೇಲೆ ಅಂಟಿನಿಂದ ಕೂರಿಸಿದ ಬಣ್ಣದ ಕಲ್ಲುಗಳಿದ್ದರೆ ಅವನ್ನೂ ತೆಗೆಯಬೇಕು, ಅವು ತೇವ ಆರುವ ದಾರಿಯನ್ನೇ ಮುಚ್ಚಿಬಿಡುತ್ತವೆ.

ಎರಡನೆಯದು ಹಿರಿಯರು ಹೇಳಿಕೊಡುವ ಮಿಶ್ರಣ: ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಮೂರೂ ಸಮಪಾಲು. ಈಗ ಹೊಳೆಮರಳು ಸುಲಭವಾಗಿ ಸಿಗದ ಕಾರಣ ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಬಳಸಿದೆ. ಈ ಮಿಶ್ರಣದ ಬಗ್ಗೆ ನನಗೆ ಬಹಳ ಭರವಸೆಯಿತ್ತು, ಏಕೆಂದರೆ ಗುಲಾಬಿಗೂ ಮಲ್ಲಿಗೆಗೂ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ 4 ಇಂಚಿನ ಕುಂಡದಲ್ಲಿ ಅದು ಬೇರೆಯೇ ರೀತಿ ವರ್ತಿಸಿತು. ಕೆಮ್ಮಣ್ಣಿನ ಜೇಡಿ ಮತ್ತು ಎಂ-ಸ್ಯಾಂಡ್‌ನ ಕಲ್ಲುಪುಡಿ ಎರಡೂ ಸೇರಿ ಕಾಳುಗಳ ನಡುವಿನ ಸಂದಿಗಳನ್ನು ತುಂಬಿಬಿಡುತ್ತವೆ. ನೀರು ಮೇಲೆಯೇ ನಿಂತು ನಿಧಾನವಾಗಿ ಇಳಿಯುತ್ತದೆ. ಒಣಗಿದಾಗ ಮಿಶ್ರಣ ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಡುತ್ತದೆ. ಗಿಡಗಳು ಸಾಯಲಿಲ್ಲ, ಹೆಚ್ಚು ಬೆಳೆಯಲೂ ಇಲ್ಲ. ಕುಂಡ ಬದಲಿಸುವಾಗ ನೋಡಿದರೆ ಬೇರುಗಳು ಮಣ್ಣಿನ ಒಳಗೆ ಹೊಕ್ಕಿರಲೇ ಇಲ್ಲ. ಗಾಳಿ ಸಿಗುವ ಅಂಚಿನಲ್ಲಿ, ಕುಂಡದ ಗೋಡೆಗುಂಟ ಮಾತ್ರ ಸುತ್ತಿಕೊಂಡಿದ್ದವು. ಎಂ-ಸ್ಯಾಂಡನ್ನು ತೊಳೆದು ಪುಡಿ ತೆಗೆದು, ಅದರ ಪಾಲನ್ನು ಅರ್ಧಕ್ಕಿಂತ ಹೆಚ್ಚು ಮಾಡಿದಾಗ ಪರಿಸ್ಥಿತಿ ಸುಧಾರಿಸಿತು. ದೊಡ್ಡ ಕುಂಡದಲ್ಲಿ ಅಥವಾ ನೆಲದಲ್ಲಿ ಬೆಳೆಯುವ ಗೋಲ್ಡನ್ ಬ್ಯಾರೆಲ್‌ನಂಥ ಕ್ಯಾಕ್ಟಸ್‌ಗೆ ಈ ಸುಧಾರಿಸಿದ ಮಿಶ್ರಣ ಸಾಕು ಎನ್ನಬಲ್ಲೆ, ಪುಟ್ಟ ಕುಂಡಕ್ಕಲ್ಲ.

ಮೂರನೆಯದರಲ್ಲಿ ಮಣ್ಣೇ ಇಲ್ಲ. ಕಲ್ಲಿದ್ದಲು ಉರಿದ ಮೇಲೆ ಉಳಿಯುವ, ಮೈಯೆಲ್ಲ ರಂಧ್ರಗಳಿರುವ ಕಿಟ್ಟವನ್ನು ಕ್ಯಾಕ್ಟಸ್ ಬೆಳೆಸುವವರು ಸಿಂಡರ್ ಎಂದು ಮಾರುತ್ತಾರೆ, ಕೊಳ್ಳುತ್ತಾರೆ. ಸಿಂಡರ್ 4 ಪಾಲು, ಇಟ್ಟಿಗೆ ಚೂರು 2 ಪಾಲು, ಪ್ಯೂಮಿಸ್ (ಜ್ವಾಲಾಮುಖಿಯಿಂದ ಬರುವ ಹಗುರ, ರಂಧ್ರಮಯ ಕಲ್ಲು) 2 ಪಾಲು, ಎರೆಗೊಬ್ಬರ 1 ಪಾಲು ಎಂಬ ಲೆಕ್ಕದಲ್ಲಿ ಬೆರೆಸಿದೆ. ಕಾಳಿನ ಗಾತ್ರ 3ರಿಂದ 6 ಮಿಲಿಮೀಟರ್ ಇರಬೇಕು. ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಜರಡಿ ಹಿಡಿಯುವ ಕೆಲಸ. ಪುಡಿ ಹಾಗೇ ಉಳಿದರೆ ಅದು ಕುಂಡದ ತಳಕ್ಕೆ ಇಳಿದು ಕೆಸರಾಗುತ್ತದೆ, ಆಗ ಈ ಮಿಶ್ರಣಕ್ಕೂ ಎರಡನೆಯದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಸಿಂಡರನ್ನು ನೆನೆಸಿ, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಇಟ್ಟಿಗೆ ಚೆನ್ನಾಗಿ ಬೆಂದದ್ದಾಗಿರಬೇಕು, ಅರೆಬೆಂದದ್ದು ನೀರಿನಲ್ಲಿ ಕರಗಿ ಮತ್ತೆ ಮಣ್ಣಾಗುತ್ತದೆ. ಒಡೆದ ಗೋಡೆಯ ಇಟ್ಟಿಗೆಯಾದರೆ ಸಿಮೆಂಟ್ ಮೆತ್ತಿರುವ ಚೂರುಗಳನ್ನು ಬಿಡಬೇಕು, ಅದರ ಸುಣ್ಣದಂಶ ಕ್ಯಾಕ್ಟಸ್‌ಗೆ ಹಿತವಲ್ಲ. ಪ್ಯೂಮಿಸ್ ದುಬಾರಿ. ಅದನ್ನು ಪೂರ್ತಿ ಬಿಟ್ಟು ಇಟ್ಟಿಗೆಯ ಪಾಲನ್ನು ಹೆಚ್ಚಿಸಿದ ಕುಂಡಗಳೂ ಸುಮಾರು ಅಷ್ಟೇ ಚೆನ್ನಾಗಿ ಬೆಳೆದದ್ದರಿಂದ, ಹಣ ಖರ್ಚು ಮಾಡಲೇಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ.

ಈ ಮಿಶ್ರಣಕ್ಕೆ ನೀರು ಹಾಕಿದರೆ ಕ್ಷಣದಲ್ಲಿ ತಳದಿಂದ ಸುರಿಯುತ್ತದೆ, ರಂಧ್ರಗಳಲ್ಲಿ ಹಿಡಿದ ತೇವ ಮಾತ್ರ ಉಳಿಯುತ್ತದೆ. ಇದರಲ್ಲಿದ್ದ ಗಿಡಗಳು ಮೊದಲ ವರ್ಷ ನಿಧಾನವಾಗಿ ಬೆಳೆದವು, ಆದರೆ ಕಾಂಡ ಗಟ್ಟಿಯಾಗಿ, ಮುಳ್ಳು ದಟ್ಟವಾಗಿ ಹೆಣೆದುಕೊಂಡಿತು. ಕುಂಡದಿಂದ ಗಿಡವನ್ನು ಎತ್ತಿದಾಗ ಬಿಳಿಯ ಬೇರುಗಳು ಸಿಂಡರ್ ಚೂರುಗಳ ರಂಧ್ರಗಳೊಳಗೇ ಹೊಕ್ಕಿದ್ದು, ಚೂರುಗಳು ಬೇರಿಗೆ ನೇತಾಡುತ್ತ ಬಂದವು. ಅಕ್ಟೋಬರ್‌ನ ಮಳೆಯಲ್ಲಿ ಒಂದೂ ಕೊಳೆಯಲಿಲ್ಲ. ಚಳಿಗಾಲದ ವಿಶ್ರಾಂತಿಯ ನಂತರ ಹಾಕಿದ ಮೊದಲ ನೀರಿಗೇ ಮಿಶ್ರಣ ಪೂರ್ತಿ ತೊಯ್ದಿತು, ಫೆಬ್ರುವರಿಯಲ್ಲಿ ಕಾಂಡದ ತುದಿಯ ಕೆಳಗೆ ಉಂಗುರದಂತೆ ಕೆನೆಬಣ್ಣದ ಪುಟ್ಟ ಹೂಗಳು ಅರಳಿದವು.

ಇದರ ಕುಂದುಗಳನ್ನೂ ಹೇಳಬೇಕು. ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ವಾರಕ್ಕೊಮ್ಮೆ, ಬಿಸಿಲು ಬಹಳವಿದ್ದರೆ ಎರಡು ಸಲ ನೀರು ಬೇಕು. ಊರಿಗೆ ಹೋಗಿ ಹಲವು ವಾರ ಬಾರದವರ ಗಿಡ ಸೊರಗುತ್ತದೆ. ಪೋಷಕಾಂಶ ಕಡಿಮೆ ಇರುವುದರಿಂದ ಬೆಳವಣಿಗೆಯ ಕಾಲದಲ್ಲಿ ತಿಂಗಳಿಗೊಮ್ಮೆ, ಸಾರಜನಕ ಕಡಿಮೆ ಇರುವ ಗೊಬ್ಬರವನ್ನು ಡಬ್ಬಿಯಲ್ಲಿ ಹೇಳಿದ್ದರ ಕಾಲುಭಾಗಕ್ಕೆ ತೆಳು ಮಾಡಿ ಕೊಡಬೇಕು. ಎಲ್ಲಕ್ಕಿಂತ ದೊಡ್ಡ ತೊಂದರೆ ಬೇರಿನ ಹಿಟ್ಟು ತಿಗಣೆ. ಒಣ ಮಿಶ್ರಣವೇ ಅದಕ್ಕೆ ಇಷ್ಟ, ಅದರ ಬಿಳಿ ಪುಡಿ ಪ್ಯೂಮಿಸ್‌ನ ಬಿಳಿ ಚೂರುಗಳ ನಡುವೆ ಕಣ್ಣಿಗೆ ಬೀಳುವುದಿಲ್ಲ. ಬೇಸಿಗೆಯಲ್ಲಿ ನೀರು ಕೊಟ್ಟರೂ ಗಿಡ ಬೆಳೆಯದೆ ನಿಂತಿದ್ದರೆ ಕುಂಡದಿಂದ ತೆಗೆದು, ಕುಂಡದ ಒಳಗೋಡೆಯನ್ನು ನೋಡಬೇಕು. ಹಿಟ್ಟು ಕಂಡರೆ ಬೇರನ್ನು ಪೂರ್ತಿ ತೊಳೆದು, ಒಣಗಿಸಿ, ಹೊಸ ಮಿಶ್ರಣದಲ್ಲಿ ನೆಡಬೇಕು.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ನಿಜವಲ್ಲ. ಸಣ್ಣ ಕಾಳಿನ ಮಿಶ್ರಣವು ತನ್ನ ತಳದಲ್ಲಿ ಒಂದಿಷ್ಟು ಎತ್ತರದವರೆಗೆ ನೀರನ್ನು ಹಿಡಿದೇ ಇಟ್ಟುಕೊಳ್ಳುತ್ತದೆ. ಕೆಳಗೆ ಜಲ್ಲಿ ಇದ್ದರೆ ಆ ಒದ್ದೆಯ ಪದರ ಜಲ್ಲಿಯ ಮೇಲಕ್ಕೆ, ಬೇರಿಗೆ ಇನ್ನಷ್ಟು ಹತ್ತಿರಕ್ಕೆ ಬರುತ್ತದೆ ಅಷ್ಟೆ. ಆ ಪದರದ ಎತ್ತರವನ್ನು ಕಾಳಿನ ಗಾತ್ರ ನಿರ್ಧರಿಸುತ್ತದೆಯೇ ಹೊರತು ಕುಂಡದ ಆಳವಲ್ಲ. ಆಳ ಕಡಿಮೆಯಿರುವ ಪುಟ್ಟ ಕುಂಡದಲ್ಲಿ ದಪ್ಪ ಕಾಳಿನ ಮಿಶ್ರಣವೇ ಬೇಕೆನ್ನುವುದು ಇದಕ್ಕಾಗಿ.

ಕುಂಡದ ಆಯ್ಕೆ ಮಿಶ್ರಣವನ್ನು ಅವಲಂಬಿಸಿದೆ. ಮಣ್ಣಿನ ಕುಂಡದ ಗೋಡೆಯೂ ನೀರನ್ನು ಆವಿ ಮಾಡುವುದರಿಂದ ಅದರಲ್ಲಿದ್ದ ಕೊಕೊಪೀಟ್ ಗಿಡ ಮಳೆಗಾಲವನ್ನು ಹೇಗೋ ದಾಟಿತು. ಅಂದರೆ ಮಿಶ್ರಣದ ದೋಷವನ್ನು ಕುಂಡ ಒಂದಿಷ್ಟು ತಿದ್ದಿತು. ಸಿಂಡರ್ ಮಿಶ್ರಣಕ್ಕೆ ಮಾತ್ರ ಬೆಂಗಳೂರಿನಲ್ಲಿ ಮಣ್ಣಿನ ಕುಂಡ ಅತಿಯಾಯಿತು: ಬೇಸಿಗೆಯಲ್ಲಿ ಒಂದೆರಡು ದಿನದಲ್ಲೇ ಒಣಗುತ್ತಿತ್ತು, ಬೇರುಗಳು ಒಳಗೋಡೆಗೆ ಕಚ್ಚಿಕೊಂಡು ಕುಂಡ ಬದಲಿಸುವಾಗ ಹರಿಯುತ್ತಿದ್ದವು. ಬೋರ್‌ವೆಲ್ ನೀರಿನ ಲವಣ ಹೊರಗೋಡೆಯ ಮೇಲೆ ಬಿಳಿ ಪದರವಾಗಿ ಕಟ್ಟುವುದೂ ಇದರಲ್ಲೇ. ಮಳೆನೀರು ಹಿಡಿದಿಟ್ಟು ಬಳಸುವವರಿಗೆ ಆ ಚಿಂತೆ ಕಡಿಮೆ. ಹೀಗಾಗಿ ಬೆಂಗಳೂರು, ಮೈಸೂರಿನಂಥ ಊರುಗಳಿಗೆ ಸಿಂಡರ್ ಮಿಶ್ರಣವನ್ನು ತಿಳಿಬಣ್ಣದ, ತಳದಲ್ಲಿ ಹಲವು ತೂತುಗಳಿರುವ ಪ್ಲಾಸ್ಟಿಕ್ ಕುಂಡದಲ್ಲಿ ತುಂಬುವುದೇ ನನ್ನ ಆಯ್ಕೆ. ಕಪ್ಪು ಪ್ಲಾಸ್ಟಿಕ್ ಏಪ್ರಿಲ್ ಬಿಸಿಲಿಗೆ ಬೇರನ್ನು ಬೇಯಿಸುತ್ತದೆ. ತೂತಿಲ್ಲದ ಪಿಂಗಾಣಿ ಬಟ್ಟಲು, ಗಾಜಿನ ಬೋಗುಣಿಗಳನ್ನು ನಾನು ಹೋಲಿಕೆಗೇ ತೆಗೆದುಕೊಳ್ಳಲಿಲ್ಲ. ಅವು ಕ್ಯಾಕ್ಟಸ್‌ಗೆ ಸಲ್ಲವು.

ಕರಾವಳಿಯ ಮಾತು ಬೇರೆ. ಮಂಗಳೂರಿನಲ್ಲಿರುವ ನನ್ನ ಅಕ್ಕನಿಗೆ ಇದೇ ಮರಿಗಳನ್ನು ಕೊಟ್ಟಿದ್ದೆ. ಜೂನ್‌ನಿಂದ ತಿಂಗಳುಗಟ್ಟಲೆ ಮಳೆ ಬಿಡದ ಅಲ್ಲಿ ಪ್ಲಾಸ್ಟಿಕ್ ಕುಂಡದ ಸಿಂಡರ್ ಕೂಡ ವಾರಗಟ್ಟಲೆ ಒಣಗುವುದಿಲ್ಲ. ಅವಳು ಎರೆಗೊಬ್ಬರವನ್ನು ಪೂರ್ತಿ ಬಿಟ್ಟು, ಮಣ್ಣಿನ ಕುಂಡಕ್ಕೆ ಬದಲಿಸಿ, ಮೇಲೆ ಪಾರದರ್ಶಕ ಶೀಟ್ ಹಾಕಿಸಿದ ಮೇಲೆ ಗಿಡಗಳು ನೆಲೆಗೊಂಡವು. ಬಳ್ಳಾರಿ, ಚಿತ್ರದುರ್ಗದ ಕಡೆಯ ಒಣ ಸೆಕೆಗೆ ಇದರ ತಿರುಗುಮುರುಗು ಸರಿಹೋದೀತು: ಪ್ಲಾಸ್ಟಿಕ್ ಕುಂಡ, ಸ್ವಲ್ಪ ಹೆಚ್ಚು ಎರೆಗೊಬ್ಬರ, ಮಧ್ಯಾಹ್ನಕ್ಕೆ ಒಂದಿಷ್ಟು ನೆರಳು.

ಇವೆಲ್ಲ ತನ್ನದೇ ಬೇರಿನ ಮೇಲೆ ನಿಂತಿರುವ ಮರುಭೂಮಿ ಕ್ಯಾಕ್ಟಸ್‌ಗೆ ಸಂಬಂಧಿಸಿದ ಮಾತುಗಳು. ಹಸಿರು ಕಾಂಡದ ಮೇಲೆ ಕೆಂಪು ಅಥವಾ ಹಳದಿ ಉಂಡೆ ಕೂತಿರುವ ಕಸಿ ಗಿಡದಲ್ಲಿ ಕೆಳಗಿನ ಕಾಂಡ ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟ್ ಬಳಗದ್ದು. ಮೇಲಿನ ಉಂಡೆಗೆ ಹರಿತ್ತು ಇಲ್ಲದ ಕಾರಣ ಅದು ಪೂರ್ತಿ ಕೆಳಗಿನ ಕಾಂಡವನ್ನೇ ನೆಚ್ಚಿಕೊಂಡಿದೆ, ಆ ಕಾಂಡಕ್ಕೆ ಮ್ಯಾಮಿಲೇರಿಯಾಗಿಂತ ಹೆಚ್ಚು ತೇವವೂ ಹೆಚ್ಚು ನೆರಳೂ ಬೇಕು. ಬೀಜದಿಂದ ಎಬ್ಬಿಸಿದ ಕ್ಯಾಕ್ಟಸ್ ಸಸಿಗಳಿಗೂ ಮೊದಲ ಕೆಲವು ತಿಂಗಳು ಒಣಗು ತಾಳುವ ಶಕ್ತಿ ಇರುವುದಿಲ್ಲ. ಅವಕ್ಕೆ ಸಣ್ಣ ಕಾಳಿನ ಸಿಂಡರ್ ಜೊತೆ ಅರ್ಧದಷ್ಟು ಕೊಕೊಪೀಟ್ ಬೆರೆಸುತ್ತೇನೆ. ಮಳೆಕಾಡಿನ ಮರಗಳ ಮೇಲೆ ಬೆಳೆಯುವ ಕ್ಯಾಕ್ಟಸ್‌ಗಳದ್ದೂ ಇದೇ ಕಥೆ. ನಮ್ಮ ಮನೆಗಳಲ್ಲಿ ಬ್ರಹ್ಮಕಮಲ ಎಂದು ಬೆಳೆಸುವ, ರಾತ್ರಿ ಬಿಳಿ ಹೂ ಬಿಡುವ ಗಿಡವೂ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡಿನಿಂದ ಬಂದ ಒಂದು ಕ್ಯಾಕ್ಟಸ್. ಮ್ಯಾಮಿಲೇರಿಯಾ ಕುಂಡಗಳಿಂದ ತೆಗೆದ ಕೊಕೊಪೀಟನ್ನು, ಕೊಳೆತ ಬೇರಿದ್ದ ಭಾಗವನ್ನು ಎಸೆದು, ಉಳಿದದ್ದನ್ನು ತೊಳೆದು ಒಣಗಿಸಿ ನಾನು ಹಾಕಿದ್ದು ಅದರ ಕುಂಡಕ್ಕೆ. ಎಲೆಯಂತೆ ಕಾಣುವ ಅದರ ಚಪ್ಪಟೆ ಕಾಂಡಗಳನ್ನು ಒರಗಿಸಲು ಈಗ ಎರಡನೆಯ ಕೋಲು ಬೇಕಾಗಿದೆ.