ಅಥೆನ್ಸ್‌ನ ಅಗೋರಾ ಮತ್ತು ಅದರ ವಸ್ತುಸಂಗ್ರಹಾಲಯ: ಸಾಕ್ರಟೀಸನಿಗಾಗಿ ಹೋಗುವವರಿಗೆ

ಅಥೆನ್ಸ್‌ಗೆ ಬಂದ ಪ್ರವಾಸಿಗರಲ್ಲಿ ಹೆಚ್ಚಿನವರು ಮೊದಲು ಅಕ್ರೊಪೊಲಿಸ್ ಗುಡ್ಡ ಹತ್ತಿ, ಸಮಯ ಮಿಕ್ಕಿದರೆ ಮಾತ್ರ ಕೆಳಗಿರುವ ಪ್ರಾಚೀನ ಅಗೋರಾಕ್ಕೆ ಇಳಿಯುತ್ತಾರೆ. ಸಾಕ್ರಟೀಸನಲ್ಲಿ ಆಸಕ್ತಿಯುಳ್ಳವರು ಈ ಕ್ರಮವನ್ನು ತಿರುಗಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸ್ವತಃ ಒಂದು ಗ್ರಂಥವನ್ನೂ ಬರೆದಿಡದ ಆತ ದಿನಗಟ್ಟಲೆ ಜನರೊಡನೆ ವಾದಿಸಿದ್ದು ಈ ಸಂತೆಬಯಲಿನಲ್ಲಿ ಮತ್ತು ಇದರ ಸುತ್ತಲಿನ ಅಂಗಡಿಗಳಲ್ಲಿ. ಆತನ ಮೇಲಿನ ದೂರಿನ ಪ್ರಾಥಮಿಕ ವಿಚಾರಣೆ ನಡೆದದ್ದೂ ಇದರ ಅಂಚಿನಲ್ಲೇ. ವಿಷದ ಬಟ್ಟಲು ಹಿಡಿದ ಹುತಾತ್ಮನೆಂದಷ್ಟೇ ಶಾಲೆಯಲ್ಲಿ ಪರಿಚಯವಾದ ಸಾಕ್ರಟೀಸ್, ತನ್ನ ನಗರದ ಕಾನೂನಿನೊಂದಿಗೆ ಜೀವನವಿಡೀ ವ್ಯವಹರಿಸಿದ ಒಬ್ಬ ಪ್ರಜೆಯಾಗಿ ಇಲ್ಲಿ ಅರ್ಥವಾಗುತ್ತಾನೆ.

ಮೊನಾಸ್ಟಿರಾಕಿ ಮತ್ತು ಥಿಸ್ಸಿಯೊ ನಿಲ್ದಾಣಗಳೆರಡರಿಂದಲೂ ಇಲ್ಲಿಗೆ ನಡೆದೇ ಹೋಗಬಹುದು. ಬಯಲಿನ ಬಹುಭಾಗದಲ್ಲಿ ಉಳಿದಿರುವುದು ತಳಪಾಯದ ಕಲ್ಲುಗಳು ಮಾತ್ರ. ಹಾಗಾಗಿ ಮೊದಲು ವಸ್ತುಸಂಗ್ರಹಾಲಯವನ್ನು ನೋಡಿ, ಆಮೇಲೆ ಬಯಲಿಗೆ ಇಳಿಯುವುದು ಒಳ್ಳೆಯದು. ಸಂಗ್ರಹಾಲಯವಿರುವುದು ಅತ್ತಾಲೋಸನ ಸ್ತೋವಾದಲ್ಲಿ, ಅಂದರೆ ಕಂಬಸಾಲುಗಳ ಉದ್ದನೆಯ ಎರಡಂತಸ್ತಿನ ಮೊಗಸಾಲೆಯಲ್ಲಿ. ಪೆರ್ಗಮಾನ್‌ನ ದೊರೆ 2ನೆಯ ಅತ್ತಾಲೋಸ್ ಕ್ರಿ.ಪೂ. 2ನೆಯ ಶತಮಾನದಲ್ಲಿ ಕಟ್ಟಿಸಿಕೊಟ್ಟಿದ್ದ ಈ ಕಟ್ಟಡವನ್ನು, 1931ರಿಂದ ಇಲ್ಲಿ ಉತ್ಖನನ ನಡೆಸುತ್ತಿರುವ ಅಮೆರಿಕನ್ ಅಧ್ಯಯನ ಸಂಸ್ಥೆಯು 1953ರಿಂದ 1956ರ ನಡುವೆ ಹಳೆಯ ತಳಪಾಯದ ಮೇಲೆಯೇ ಮತ್ತೆ ಎಬ್ಬಿಸಿತು. ಇದು ಸಾಕ್ರಟೀಸ್ ಓಡಾಡಿದ ಕಟ್ಟಡವಲ್ಲ, ಆತ ಸತ್ತು ಸುಮಾರು ಎರಡೂವರೆ ಶತಮಾನಗಳ ಮೇಲೆ ಬಂದದ್ದು. ಆತನ ಕಣ್ಣೆದುರೇ ಮೇಲೆದ್ದದ್ದು ಎದುರಿನ ದಿಬ್ಬದ ಮೇಲಿರುವ ಹೆಫೈಸ್ಟಸ್ ದೇವಾಲಯ.

ಒಳಗೆ ವಸ್ತುಗಳನ್ನು ಕಾಲಾನುಕ್ರಮದಲ್ಲಿ ಇಟ್ಟಿದ್ದಾರೆ. ಎಲ್ಲಕ್ಕೂ ಒಂದೇ ಸಮನಾಗಿ ಸಮಯ ಹಂಚದೆ ಮಣ್ಣಿನ ನೀರುಗಡಿಯಾರದ ಮುಂದೆ ಹೆಚ್ಚು ಹೊತ್ತು ನಿಲ್ಲಿ. ಬಕೆಟ್ಟಿನಾಕಾರದ ಎರಡು ಪಾತ್ರೆಗಳು ಒಂದರ ಕೆಳಗೊಂದಿವೆ, ಮೇಲಿನದು ಕ್ರಿ.ಪೂ. 5ನೆಯ ಶತಮಾನದ ಕೊನೆಯ ಭಾಗದ ಮೂಲವಸ್ತು, ಕೆಳಗಿನದು ಪ್ರತಿಕೃತಿ. ಸುಮಾರು 6.4 ಲೀಟರ್ ಹಿಡಿಯುವ ಪಾತ್ರೆಯ ಬುಡದ ಸಣ್ಣ ಕೊಳವೆಯಿಂದ ನೀರೆಲ್ಲ ಇಳಿದುಹೋಗಲು ಬೇಕಾಗುವುದು ಆರು ನಿಮಿಷ, ನ್ಯಾಯಾಲಯದಲ್ಲಿ ಮಾತನಾಡುವವನ ಅವಧಿಯನ್ನು ಅಳೆಯುತ್ತಿದ್ದುದು ಇಂಥ ಪಾತ್ರೆಗಳಿಂದ. ಪಾತ್ರೆಯ ಮೈಮೇಲೆ ಅಂತಿಯೋಖಿಸ್ ಗಣದ ಹೆಸರು ಬರೆದಿದೆ. ಅಥೆನ್ಸ್‌ನ ಪ್ರಜೆಗಳನ್ನು ವಿಂಗಡಿಸಿದ್ದ ಹತ್ತು ಗಣಗಳಲ್ಲಿ ಸಾಕ್ರಟೀಸನ ಊರಾದ ಅಲೋಪೆಕೆ ಸೇರಿದ್ದು ಇದೇ ಗಣಕ್ಕೆ. ಕ್ರಿ.ಪೂ. 406ರಲ್ಲಿ ಆರ್ಗಿನೂಸಾಯ್ ನೌಕಾಯುದ್ಧ ಗೆದ್ದು ಬಂದ ಸೇನಾಪತಿಗಳು, ಮುಳುಗುತ್ತಿದ್ದ ಸೈನಿಕರನ್ನು ರಕ್ಷಿಸಲಿಲ್ಲವೆಂಬ ಆರೋಪಕ್ಕೆ ಗುರಿಯಾದಾಗ ಸಭೆಯ ಉಸ್ತುವಾರಿಯ ಸರದಿ ಈ ಗಣದ್ದಾಗಿತ್ತು. ಎಲ್ಲರನ್ನೂ ಒಂದೇ ಮತದಲ್ಲಿ ಶಿಕ್ಷಿಸುವುದು ಕಾನೂನಿಗೆ ವಿರುದ್ಧವೆಂದು, ಕೆರಳಿ ನಿಂತ ಜನರೆದುರು ಸಾಕ್ರಟೀಸ್ ಪಟ್ಟುಹಿಡಿದ. ಏಳು ವರ್ಷಗಳ ಬಳಿಕ ತನ್ನದೇ ವಿಚಾರಣೆಯಲ್ಲಿ ಆತ ಈ ಪ್ರಸಂಗವನ್ನು ನೆನಪಿಸುವುದನ್ನೂ, ಮರಣದಂಡನೆಯ ಮೊಕದ್ದಮೆಯನ್ನು ಒಂದೇ ದಿನದಲ್ಲಿ ಮುಗಿಸುವ ಪದ್ಧತಿಯನ್ನು ಆಕ್ಷೇಪಿಸುವುದನ್ನೂ ಪ್ಲೇಟೋ ದಾಖಲಿಸಿದ್ದಾನೆ. ಆ ಆಕ್ಷೇಪದ ತೂಕ ನನಗೆ ತಿಳಿದದ್ದು ಈ ಪಾತ್ರೆಯನ್ನು ಕಂಡ ಮೇಲೆಯೇ.

ಕಂಚಿನ ಮತಬಿಲ್ಲೆಗಳೂ ಇಲ್ಲಿವೆ. ಬಿಲ್ಲೆಯ ನಡುವಿನ ಅಚ್ಚು ಟೊಳ್ಳಾಗಿದ್ದರೆ ಅದು ಫಿರ್ಯಾದಿಯ ಪರ, ಗಟ್ಟಿಯಾಗಿದ್ದರೆ ಆರೋಪಿಯ ಪರ. ಅಚ್ಚಿನ ತುದಿಗಳನ್ನು ಹೆಬ್ಬೆರಳಿನಿಂದಲೂ ತೋರುಬೆರಳಿನಿಂದಲೂ ಮುಚ್ಚಿ ಹಿಡಿದರೆ ಯಾರು ಯಾವ ಕಡೆಯೆಂಬುದು ಪಕ್ಕದವನಿಗೂ ತಿಳಿಯದು. ಇವು ಕ್ರಿ.ಪೂ. 4ನೆಯ ಶತಮಾನದವಾದ್ದರಿಂದ 399ರಲ್ಲಿ ಸಾಕ್ರಟೀಸನ ಕುರಿತು ತೀರ್ಪು ಕೊಟ್ಟದ್ದು ಇವುಗಳಿಂದಲೇ ಎಂದುಕೊಳ್ಳಬಾರದು. ಆದರೂ, ಮೂವತ್ತು ಮತಗಳು ಅತ್ತಿಂದಿತ್ತ ಆಗಿದ್ದರೆ ತಾನು ಬಿಡುಗಡೆಯಾಗುತ್ತಿದ್ದೆ ಎಂದು ಆತ ಹೇಳುವ ಮಾತಿನ ಹಿಂದಿದ್ದ ವ್ಯವಸ್ಥೆ ಇವುಗಳಿಂದ ಸ್ಪಷ್ಟವಾಗುತ್ತದೆ.

ಇನ್ನು ಬಯಲಿಗೆ ಇಳಿದವರು ಪಶ್ಚಿಮದಂಚಿನ ಥೋಲೋಸ್ ಎಂಬ ವೃತ್ತಾಕಾರದ ತಳಪಾಯವನ್ನು ತಪ್ಪಿಸಬಾರದು. ನಗರವನ್ನು ಮೂವತ್ತು ಮಂದಿ ಸರ್ವಾಧಿಕಾರಿಗಳು ಆಳುತ್ತಿದ್ದ ಕಾಲದಲ್ಲಿ ಸಾಕ್ರಟೀಸನನ್ನೂ ಇನ್ನು ನಾಲ್ವರನ್ನೂ ಇಲ್ಲಿಗೆ ಕರೆಸಿ, ಸಲಾಮಿಸ್‌ನ ಲಿಯೋನ್ ಎಂಬಾತನನ್ನು ಕೊಲ್ಲುವುದಕ್ಕಾಗಿ ಹಿಡಿದು ತರಲು ಆಜ್ಞೆ ಮಾಡಿದರು. ನಾಲ್ವರು ಹೋದರು, ಸಾಕ್ರಟೀಸ್ ಮನೆಗೆ ನಡೆದ. ಅನ್ಯಾಯ ಮಾಡುವುದಕ್ಕಿಂತ ಅನ್ಯಾಯ ಅನುಭವಿಸುವುದೇ ಮೇಲು ಎಂಬ ಆತನ ವಿಚಾರ ನಡತೆಯಾಗಿ ಪರೀಕ್ಷೆಗೊಳಗಾದ ಜಾಗವಿದು. ಈ ಬಯಲಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಜಾಗವೂ ಹೌದು.

ಥೋಲೋಸ್‌ಗೆ ಸಮೀಪದಲ್ಲೇ, ‘ನಾನು ಅಗೋರಾದ ಗಡಿ’ ಎಂದು ಕೆತ್ತಿದ ಕಲ್ಲಿನ ಬಳಿ, ಸೀಮೋನ ಎಂಬ ಚಮ್ಮಾರನದೆಂದು ಗುರುತಿಸಲಾದ ಮನೆಯ ಅವಶೇಷವಿದೆ. ಅಗೆದಾಗ ಪಾದರಕ್ಷೆಯ ಕಬ್ಬಿಣದ ಮೊಳೆಗಳು, ದಾರ ಪೋಣಿಸುವ ಮೂಳೆಯ ಬಳೆಗಳು ಮತ್ತು ಸೀಮೋನನ ಹೆಸರು ಗೀಚಿದ ಬಟ್ಟಲಿನ ಬುಡ ಸಿಕ್ಕವು. ಸಾಕ್ರಟೀಸ್ ಈತನ ಅಂಗಡಿಗೆ ಬಂದು ಮಾತನಾಡುತ್ತಿದ್ದನೆಂದೂ, ಈತ ಅದನ್ನು ಬರೆದಿಟ್ಟುಕೊಳ್ಳುತ್ತಿದ್ದನೆಂದೂ ಪ್ರಾಚೀನರು ಹೇಳಿದ್ದಾರೆ. ಸದ್ಗುಣವೆಂದರೇನೆಂದು ಕೇಳುವಾಗಲೆಲ್ಲ ಚಮ್ಮಾರ, ಬಡಗಿ, ವೈದ್ಯರ ಕಸುಬನ್ನೇ ಆತ ಉದಾಹರಣೆಗೆ ಎಳೆದು ತರುವುದೇಕೆಂಬುದಕ್ಕೆ ಈ ನೆರೆಹೊರೆಯೇ ಉತ್ತರ.

ಮಾರ್ಗದರ್ಶಿಯನ್ನು ಆರಿಸುವಾಗ ಎಚ್ಚರವಿರಲಿ. ನಾನು ಹಣ ಕೊಟ್ಟು ಸೇರಿಕೊಂಡ ಒಂದು ನಡಿಗೆ ಪ್ರವಾಸದಲ್ಲಿ ಫಿಲೊಪಾಪೊಸ್ ಗುಡ್ಡದ ಬಂಡೆಯಲ್ಲಿ ಕೊರೆದ ಕೋಣೆಗಳನ್ನು ತೋರಿಸಿ, ಸಾಕ್ರಟೀಸ್ ವಿಷ ಕುಡಿದದ್ದು ಇಲ್ಲೇ ಎಂದು ಯಾವ ಅನುಮಾನವೂ ಇಲ್ಲದಂತೆ ಹೇಳಿದರು. ಆ ಕೋಣೆಗಳಿಗಿರುವ ‘ಸಾಕ್ರಟೀಸನ ಸೆರೆಮನೆ’ ಎಂಬ ಹೆಸರಿಗೆ ಪ್ರಾಚೀನ ಆಧಾರವಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪುರಾತನ ವಸ್ತುಗಳನ್ನು ಬಚ್ಚಿಟ್ಟ ಸ್ಥಳವದು ಎಂಬ ನಿಜವಾದ ಸಂಗತಿಯನ್ನು ಅವರು ಹೇಳಲೇ ಇಲ್ಲ. ಸೆರೆಮನೆಯಾಗಿರಬಹುದಾದ ಕಟ್ಟಡದ ಅವಶೇಷವಿರುವುದು ಅಗೋರಾ ಚೌಕದ ನೈಋತ್ಯಕ್ಕೆ ಸುಮಾರು ನೂರು ಮೀಟರ್ ದೂರದಲ್ಲಿ. ಓಣಿಯ ಇಕ್ಕೆಲಗಳಲ್ಲಿ ಕೋಣೆಗಳಿರುವ ಅಲ್ಲಿ ಹದಿಮೂರು ಪುಟ್ಟ ಔಷಧದ ಕುಡಿಕೆಗಳೂ ಸಾಕ್ರಟೀಸನದೆನ್ನಲಾದ ಸಣ್ಣ ಅಮೃತಶಿಲೆಯ ಮೂರ್ತಿಯ ತುಣುಕೂ ದೊರೆತಿವೆ. ಅದು ಸೆರೆಮನೆಯೇ ಎಂಬುದನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ಆದರೆ ವಾದಿಸಲು ಅಲ್ಲಿ ಪುರಾವೆಯಾದರೂ ಇದೆ.

ಮೆಲೆಟಸ್ ಹೂಡಿದ ಧರ್ಮದ್ರೋಹದ ದೂರಿನ ಪ್ರಾಥಮಿಕ ವಿಚಾರಣೆಗೆ ಸಾಕ್ರಟೀಸ್ ಹಾಜರಾದ ರಾಜ ಸ್ತೋವಾ, ಅಂದರೆ ‘ರಾಜ’ ಎಂಬ ಹೆಸರಿನ ಅಧಿಕಾರಿಯ ಕಚೇರಿ, 1970ರಲ್ಲಿ ಪತ್ತೆಯಾಯಿತು. ಅಗೋರಾವನ್ನು ಸೀಳಿಕೊಂಡು ಹೋಗುವ ಪಿರೇಯಸ್ ರೈಲುಹಳಿ ಅದನ್ನು ಮುಖ್ಯ ಬಯಲಿನಿಂದ ಬೇರ್ಪಡಿಸಿರುವುದರಿಂದ ಹೊರಬಂದ ಮೇಲೆ ಆಡ್ರಿಯಾನೂ ಬೀದಿಯ ಕಡೆಯಿಂದ ನೋಡಬೇಕು. ಅಧಿಕಾರಿಗಳು ಹತ್ತಿನಿಂತು ಕಾನೂನನ್ನು ಪಾಲಿಸುತ್ತೇವೆಂದು ಪ್ರಮಾಣ ಮಾಡುತ್ತಿದ್ದ ದೊಡ್ಡ ಚಪ್ಪಡಿ ಅದರ ಮುಂದಿದೆ. ಇಷ್ಟನ್ನೂ ಸಾವಧಾನವಾಗಿ ನೋಡಲು ಅರ್ಧ ದಿನ ಬೇಕು. ಬಯಲಿನಲ್ಲಿ ನೆರಳು ಕಡಿಮೆಯಾದ್ದರಿಂದ ಬೇಸಿಗೆಯಲ್ಲಿ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ.